ಕೋಳಿಗೆ ಇಸ್ತ್ರಿ ಹಾಕಿದವಳು

ಬಿಸಿಯಕ್ಕನ ತಾತ ನದಿಯ ಹಡಗಿನಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಎಸೆಯುತ್ತಿದ್ದವನು. ಒಂದು ಸಲ ಹಡಗು ಮರಳಿಗೆ ಸಿಕ್ಕಿಕೊಂಡು, ಜನವೆಲ್ಲ ದೋಣಿ ಹತ್ತಿ ದಡ ಸೇರಿದರೂ ಇವನು ಮಾತ್ರ ಉರಿ ಆರಲು ಬಿಡುವುದಿಲ್ಲವೆಂದು ಒಳಗೇ ಕೂತುಬಿಟ್ಟ. ಕ್ಯಾಪ್ಟನ್ ಬಂದು ಬೈದ, ಆಮೇಲೆ ಕೈ ಮುಗಿದ. ಎರಡಕ್ಕೂ ತಾತ ಸೊಪ್ಪು ಹಾಕಲಿಲ್ಲ. ಅಜ್ಜಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಕಡಾಯಿಗಳ ಕೆಳಗೆ ಬೆಂಕಿ ನೋಡಿಕೊಳ್ಳುವವಳು. ಕೈ ಹಿಡಿಯಲು ಬಂದ ಮೇಸ್ತ್ರಿಯ ತಲೆಯನ್ನು ತಣಿದ ನೀಲಿ ಕಡಾಯಿಗೆ ಅದ್ದಿ ತೆಗೆದಳು. ಆ ಮನುಷ್ಯನ ಕಿವಿಯ ಸಂದಿಯಲ್ಲಿ ಸಾಯುವತನಕ ನೀಲಿ ಉಳಿದಿತ್ತಂತೆ. ಇನ್ನು ಅವ್ವ, ಇಸ್ತ್ರಿಯವಳು. ಒದ್ದೆ ಬೆರಳನ್ನು ಪೆಟ್ಟಿಗೆಯ ತಳಕ್ಕೆ ತಾಗಿಸಿ, ಚುಂಯ್ ಅನ್ನುವ ಸದ್ದು ಕೇಳಿಯೇ ಇದು ರೇಷ್ಮೆಯ ಕಾವು, ಇದು ಹತ್ತಿಯ ಕಾವು ಎಂದು ಹೇಳುತ್ತಿದ್ದಳು. ಕಾಲರ್ ಸರಿಯಿಲ್ಲವೆಂದು ಎಗರಾಡಿದ ವಕೀಲನೊಬ್ಬನ ಅಂಗಿಯನ್ನು ಅವನ ಎದುರಿಗೇ ಮುದ್ದೆ ಮಾಡಿ ಕೈಗೆ ಕೊಟ್ಟು ಕಳಿಸಿದವಳು. ಬೆಂಕಿಯ ಜೊತೆ ಸೆಣಸಿ ಬದುಕಿದ ಮನೆತನ ಅದು. ತಗ್ಗಿ ಬಗ್ಗಿ ನಡೆಯುವ ಗುಣ ಆ ರಕ್ತದಲ್ಲಿ ಇರಲಿಲ್ಲ. ಇದ್ದಿದ್ದರೂ ಆ ಕಾವಿಗೆ ಆವಿಯಾಗಿ ಹೋಗಿರಬೇಕು.

ಬಿಸಿಯಕ್ಕ ಅವ್ವನ ಕಸುಬನ್ನೇ ಹಿಡಿದು, ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿಗೆ ನಿಂತವಳು. ಹೆಸರು ಬೇರೆ ಇತ್ತು. ಅಲ್ಲಿಯ ಹೆಂಗಸರು ಅವಳ ಕೈ ಕಾವನ್ನೂ ಬಾಯಿ ಕಾವನ್ನೂ ನೋಡಿ ಇಟ್ಟದ್ದು ಈ ಹೆಸರು, ಅದೇ ಉಳಿಯಿತು. ಗಂಡ ತೀರಿಕೊಂಡ ಮೇಲೆ ಗಂಡನ ಮನೆಯಲ್ಲೇ ಉಳಿದಳು. ಮಹಡಿಯ ಮೇಲಿನ ಚಿಕ್ಕ ಮನೆ ಅದು. ಮುಂದಿನ ಕೋಣೆಯಲ್ಲಿ ಅತ್ತೆ, ನಡುವಿನದರಲ್ಲಿ ಮೈದುನ ಮತ್ತು ಅವನ ಹೆಂಡತಿ, ಅಡುಗೆಮನೆಗೆ ಅಂಟಿಕೊಂಡ ಕಿರುಕೋಣೆಯಲ್ಲಿ ಇವಳು. ಮೈದುನ ಲಿಫ್ಟ್ ರಿಪೇರಿಯವನು. ಊರ ಲಿಫ್ಟುಗಳನ್ನೆಲ್ಲ ಹತ್ತಿಸಿ ಇಳಿಸುವ ಆಸಾಮಿ, ಮನೆಯ ಜಗಳದಲ್ಲಿ ಮಾತ್ರ ಮೇಲೂ ಹೋಗದೆ ಕೆಳಗೂ ಇಳಿಯದೆ ಎರಡು ಮಹಡಿಯ ನಡುವೆ ನಿಂತುಬಿಡುತ್ತಿದ್ದ. ಅವನ ಹೆಂಡತಿ, ಅಂದರೆ ಬಿಸಿಯಕ್ಕನ ಓರಗಿತ್ತಿ, ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಊರವರ ಕಣ್ಣಿನ ದೋಷ ನೋಡಿ ನೋಡಿ ಮನೆಗೆ ಬಂದರೂ ಅವಳಿಗೆ ದೋಷವೇ ಕಾಣುತ್ತದೆ ಎನ್ನುತ್ತಿದ್ದಳು ಬಿಸಿಯಕ್ಕ.

ಇಬ್ಬರಿಗೂ ಮೊದಲಿಂದ ಎಣ್ಣೆ ಸೀಗೆಕಾಯಿ. ಕಾರಣ ಅಡುಗೆಮನೆ. ಅಲ್ಲಿಯ ಒಂದು ಚಮಚವೂ ಬಿಸಿಯಕ್ಕನ ಅಪ್ಪಣೆಯಿಲ್ಲದೆ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಓರಗಿತ್ತಿ ಈರುಳ್ಳಿ ಹೆಚ್ಚಿದರೆ ದಪ್ಪವಾಯಿತು, ಪಾತ್ರೆ ತೊಳೆದರೆ ಜಿಡ್ಡು ಉಳಿಯಿತು.

ಹೀಗಿರುವಾಗ ಲಾಂಡ್ರಿಯ ಒದ್ದೆ ನೆಲದಲ್ಲಿ ಬಿಸಿಯಕ್ಕ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಬೆರಳಿನ ಬುಡದಿಂದ ಮೊಣಕೈ ದಾಟುವವರೆಗೆ ಪ್ಲಾಸ್ಟರ್ ಹಾಕಿ ಕಳಿಸಿದರು. ಆಸ್ಪತ್ರೆಯಿಂದ ಬಂದು ನೋಡುತ್ತಾಳೆ, ಉಪ್ಪಿನ ಡಬ್ಬಿ ಕಿಟಕಿಯ ಹತ್ತಿರದಿಂದ ಎದ್ದು ಒಲೆಯ ಪಕ್ಕ ಬಂದಿದೆ.

"ಇದನ್ನ ಯಾರು ಎತ್ತಿಟ್ಟಿದ್ದು?"

"ನಾನೇ ಅಕ್ಕ," ಎಂದಳು ಓರಗಿತ್ತಿ, ತಿರುಗಿಯೂ ನೋಡದೆ. "ಕೈಗೆ ಸಿಗೋ ಹಾಗಿರಲಿ ಅಂತ."

"ಯಾರ ಕೈಗೆ?"

"ಕೈ ಇರೋರ ಕೈಗೆ."

ಬಿಸಿಯಕ್ಕ ಎಡಗೈಯಿಂದ ಡಬ್ಬಿ ಎತ್ತಿ ಕಿಟಕಿಯ ಹತ್ತಿರ ಕುಕ್ಕಿದಳು. ಬೆಳಗಾಗುವಷ್ಟರಲ್ಲಿ ಅದು ಮತ್ತೆ ಒಲೆಯ ಪಕ್ಕ ಹಾಜರು.

ಆ ಬುಧವಾರ ಓರಗಿತ್ತಿ ಕೋಳಿಯ ತೊಡೆ ತಂದಳು. ಬಿಸಿಯಕ್ಕ ರಜೆಯ ದಿನ ಮಾಡುತ್ತಿದ್ದ ತಿನಿಸು ಅದು: ತೊಗಲು ಸಮೇತದ ತೊಡೆಗಳನ್ನು ಓವನ್ನಿನ ಮೇಲಿನ ಕಾಯಿಲ್ ಕೆಳಗೆ ಇಟ್ಟು, ತೊಗಲು ಗರಿಗರಿ ಅನ್ನುವ ಹಾಗೆ ಸುಡುವುದು. ಅತ್ತೆಗೆ ಬಾಯಲ್ಲಿ ಹಲ್ಲು ಹೆಸರಿಗೂ ಇರಲಿಲ್ಲ, ಆದರೂ ಆ ತೊಗಲೆಂದರೆ ಪ್ರಾಣ. ವಸಡಿನ ನಡುವೆ ಇಟ್ಟುಕೊಂಡು ಮುರಿದು, ಆ ಸದ್ದಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಓರಗಿತ್ತಿ ಉಪ್ಪು ಖಾರ ಸವರಿ, ಓವನ್ನಿನಲ್ಲಿಟ್ಟು, ಬಾಗಿಲನ್ನು ಭದ್ರವಾಗಿ ಮುಚ್ಚಿ ಕಾದಳು. ಹೊರಗೆ ಬಂದದ್ದು ನೀರಲ್ಲಿ ನೆನೆಸಿದ ಕಾಲುಚೀಲದಂಥ ತೊಗಲು.

ಅತ್ತೆ ಒಂದು ತುಂಡು ಬಾಯಿಗಿಟ್ಟು, ತೆಗೆದು, ಬೆಳಕಿಗೆ ಹಿಡಿದು ನೋಡಿದಳು. "ಚಿಕ್ಕೋಳೆ, ಇದನ್ನ ಬೇಯಿಸಿದ್ಯೋ ಸ್ನಾನ ಮಾಡಿಸಿದ್ಯೋ?"

"ಕೋಳಿಯೋನು ನೀರು ಕುಡಿಸಿದ ಮಾಲು ಕೊಟ್ಟಿದಾನೆ ಅತ್ತೆ. ನನ್ನ ತಪ್ಪಲ್ಲ."

ಬಿಸಿಯಕ್ಕನಿಗೆ ಕಾರಣ ಗೊತ್ತಿತ್ತು. ಅದು ಹಳೆಯ ಓವನ್. ಬಾಗಿಲು ಪೂರ್ತಿ ಮುಚ್ಚಿದರೆ ಒಳಗೆ ಕಾವು ತುಂಬಿ ಮೇಲಿನ ಕಾಯಿಲ್ ತಾನಾಗಿ ಆರಿಹೋಗುತ್ತದೆ. ಮಾಂಸ ತನ್ನದೇ ಹಬೆಯಲ್ಲಿ ಬೇಯುತ್ತದೆ. ಬಾಗಿಲ ಸಂದಿಗೆ ಮರದ ಸೌಟು ಸಿಕ್ಕಿಸಿ ಒಂದಿಷ್ಟು ತೆರೆದಿಟ್ಟರೆ ಮಾತ್ರ ಕಾಯಿಲ್ ಕೆಂಪಗೆ ಉರಿಯುತ್ತದೆ. ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡಳು. ಹೇಳಿಕೊಡಲು ಅವಳಿಗೇನು ಹುಚ್ಚು ಹಿಡಿದಿತ್ತೇ?

ಆ ಸಂಜೆಯೇ ಮೈದುನ ಗಂಟಲು ಸರಿಮಾಡಿಕೊಂಡು ಬಂದ. "ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಕೈ ವಾಸಿಯಾಗೋ ತನಕ ನಿಮ್ಮ ಅಣ್ಣನ ಮನೇಲಿ ಇದ್ರೆ ಆರಾಮಲ್ವಾ? ಇಲ್ಲಿ ನಿಮ್ಮನ್ನ ನೋಡ್ಕೊಳ್ಳೋರು ಯಾರು?"

"ನನ್ನನ್ನ ನೋಡ್ಕೊಳ್ಳಿ ಅಂತ ಯಾರಿಗೆ ಅರ್ಜಿ ಹಾಕಿದೀನಿ?"

"ಹಾಗಲ್ಲ. ಅವಳು ಅಂದ್ಲು..."

"ಅವಳು ಅಂದ್ಲು. ನೀನು ಏನಂದೆ?"

ಮೈದುನ ಎರಡು ಮಹಡಿಯ ನಡುವೆ ನಿಂತ.

ಬಾಗಿಲ ಹಿಂದಿನಿಂದ ಓರಗಿತ್ತಿಯೇ ಮುಂದೆ ಬಂದಳು. "ನಾನೇ ಅಂದಿದ್ದು. ಮುಚ್ಚುಮರೆ ಏನಿಲ್ಲ. ಈ ಮನೆಗೆ ಬಂದಾಗಿಂದ ಒಂದು ಉಪ್ಪಿನ ಡಬ್ಬಿ ನನ್ನದು ಅಂತ ಇಲ್ಲ ಅಕ್ಕ. ನೀರು ಕುಡಿಯೋಕೆ ಹೋದ್ರೂ ಲೋಟ ಯಾವುದು ತಗೊಂಡೆ ಅಂತ ಕೇಳ್ತೀರಿ. ಒಂದು ಕೈಯಲ್ಲಿ ಅಡುಗೆ ಮಾಡೋಕಾಗಲ್ಲ, ಮಾಡೋರಿಗೆ ಬಿಡೋದೂ ಇಲ್ಲ. ಹಾಗಾದ್ರೆ ಹೋಗಿ ಬನ್ನಿ."

ಹೋಗಿ ಬನ್ನಿ ಅನ್ನುವುದರಲ್ಲಿ ಬನ್ನಿ ಅನ್ನುವುದು ಬರೀ ಬಾಯಿಮಾತು ಎಂದು ಬಿಸಿಯಕ್ಕನಿಗೆ ತಿಳಿಯದೆ ಇಲ್ಲ. ಹೊಲಿಗೆ ಯಂತ್ರ ಇಡಲು ಓರಗಿತ್ತಿ ಇವಳ ಕಿರುಕೋಣೆಯ ಗೋಡೆಯನ್ನು ಗೇಣು ಹಾಕಿ ಅಳೆದದ್ದನ್ನು ಇವಳೇ ಕಣ್ಣಾರೆ ಕಂಡಿದ್ದಳು. ಒಮ್ಮೆ ಹೊಸ್ತಿಲು ದಾಟಿದರೆ ಮುಗಿಯಿತು. ಅಣ್ಣನ ಮನೆಯಲ್ಲಿ ಅತ್ತಿಗೆ ಕುಡಿಯುವ ನೀರು ಕೊಡುವಾಗಲೂ ಲೋಟದೊಳಗೆ ಇಣುಕುವವಳು.

"ಭಾನುವಾರ," ಎಂದಳು ಬಿಸಿಯಕ್ಕ. "ಮಧ್ಯಾಹ್ನದ ಊಟಕ್ಕೆ ಕೋಳಿ ತೊಡೆ ನಾನು ಮಾಡ್ತೀನಿ. ಒಂದೇ ಕೈಯಲ್ಲಿ. ಅತ್ತೆ ತಿಂದು, ಸರಿಯಿಲ್ಲ ಅಂದ್ರೆ ಅವತ್ತೇ ಹೊರಡ್ತೀನಿ. ಸರಿಯಿದೆ ಅಂದ್ರೆ ಈ ಮಾತು ಇನ್ನೊಂದು ಸಲ ಈ ಮನೇಲಿ ಎದ್ದೇಳಬಾರದು."

ಮುಂದಿನ ಕೋಣೆಯಿಂದ ಅತ್ತೆಯ ಧ್ವನಿ ಬಂತು. "ಕೋಳಿಯೋನ ಹತ್ರ ಕೊಬ್ಬಿರೋದು ನೋಡಿ ತಗೊಂಬಾ."

ಭಾನುವಾರ ಬೆಳಗ್ಗೆ ಓರಗಿತ್ತಿ ಬಿಸಿಯಕ್ಕನ ಸೂಟ್‌ಕೇಸನ್ನು ಮಂಚದ ಕೆಳಗಿನಿಂದ ಎಳೆದು, ಧೂಳು ಒರೆಸಿ, ಮುಂದಿನ ಕೋಣೆಯ ನಡುಮಧ್ಯೆ ನಿಲ್ಲಿಸಿದಳು. ಬಿಸಿಯಕ್ಕ ಅದನ್ನು ಸುತ್ತು ಹಾಕಿ ಅಡುಗೆಮನೆಗೆ ಹೋದಳು. ಹಲ್ಲು ಕಡಿದದ್ದು ಕೇಳಿಸಿರಬಹುದು.

ತೊಗಲು ಗರಿಯಾಗಬೇಕಾದರೆ ಮೊದಲು ಅದರ ನೀರು ಹೋಗಬೇಕು. ಎರಡು ಕೈ ಇದ್ದಾಗ ಒಂದರಲ್ಲಿ ಹಿಡಿದು ಇನ್ನೊಂದರಲ್ಲಿ ಒರೆಸುತ್ತಿದ್ದಳು. ಈಗ ಒರೆಸಲು ಹೋದರೆ ತೊಡೆ ಕಟ್ಟೆಯ ಮೇಲೆಲ್ಲ ಜಾರಿ ಓಡುತ್ತದೆ. ಸ್ವಲ್ಪ ಹೊತ್ತು ಅದನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ಕೋಣೆಗೆ ಹೋಗಿ ತನ್ನ ಇಸ್ತ್ರಿಪೆಟ್ಟಿಗೆ ತಂದಳು. ಒಗೆದ ಬಟ್ಟೆ ಹಾಸಿ, ತೊಡೆಗಳನ್ನು ತೊಗಲು ಮೇಲಾಗಿ ಸಾಲಾಗಿಟ್ಟು, ಮೇಲೊಂದು ಬಟ್ಟೆ ಹೊದಿಸಿ, ತಣ್ಣನೆಯ ಪೆಟ್ಟಿಗೆಯ ಭಾರವನ್ನೆಲ್ಲ ಊರಿ ಒತ್ತಿದಳು. ಬಟ್ಟೆ ನೀರು ಹೀರಿತು.

ಬಾಗಿಲಲ್ಲಿ ನಿಂತ ಓರಗಿತ್ತಿ ಗಂಡನನ್ನು ಕರೆದಳು. "ಇಲ್ಲಿ ಬನ್ನಿ, ನೋಡಿ. ನಿಮ್ಮ ಅತ್ತಿಗೆ ಕೋಳಿಗೆ ಇಸ್ತ್ರಿ ಹಾಕ್ತಿದಾರೆ. ಕಾಲರ್ ಮರೀಬೇಡಿ ಅಕ್ಕ."

"ನಿನ್ನ ನಾಲಿಗೆಗೂ ಹಾಕ್ತೀನಿ, ಬಾ. ಅದು ಬಹಳ ಸುಕ್ಕಾಗಿದೆ."

ಉಪ್ಪು, ಕಾಳುಮೆಣಸಿನ ಪುಡಿ, ಜಜ್ಜಿದ ಬೆಳ್ಳುಳ್ಳಿ, ಬೆರಳಿಗಂಟುವಷ್ಟು ಎಣ್ಣೆ. ಓವನ್ನಿನಲ್ಲೇ ಇದ್ದ ಕಬ್ಬಿಣದ ತಟ್ಟೆಯನ್ನು ಅರ್ಧ ಎಳೆದು, ಅದರ ಜಾಲರಿಯ ಮೇಲೆ ಮೊದಲು ತೊಗಲು ಕೆಳಗಾಗಿ ಜೋಡಿಸಿ ಕಾಯಿಲ್ ಕೆಳಗೆ ನೂಕಿದಳು. ಬಾಗಿಲ ಸಂದಿಗೆ ಸೌಟು. ಮಾಂಸದ ಬದಿ ಬಣ್ಣ ತಿರುಗಿದ ಮೇಲೆ, ಜಾಲರಿಯನ್ನು ಸ್ವಲ್ಪವೇ ಎಳೆದು, ಇಕ್ಕಳದಿಂದ ಒಂದೊಂದನ್ನೇ ಮಗುಚಿದಳು. ಈಗ ತೊಗಲು ಮೇಲೆ. ಇನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವ ಹೊತ್ತು. ಹೆಂಚಿನ ಮೇಲೆ ನೀರು ಬಿದ್ದಂಥ ಸದ್ದು ಹೋಗಿ ಚಿಟಿಚಿಟಿ ಶುರುವಾಗಬೇಕು. ಅಲ್ಲಿಂದ ಕರಿಯಾಗುವುದಕ್ಕೆ ಕಣ್ಣು ಮಿಟುಕಿಸುವಷ್ಟೇ ಸಮಯ.

ಚಿಟಿಚಿಟಿ ಆಗತಾನೆ ಶುರುವಾಗಿತ್ತು. "ಅಕ್ಕ, ಅತ್ತೆ ಕರೀತಿದಾರೆ. ಏನೋ ಅರ್ಜೆಂಟಂತೆ," ಎಂದಳು ಓರಗಿತ್ತಿ.

ಬಿಸಿಯಕ್ಕ ಓಡಿದಳು. ಅತ್ತೆ ಕುರ್ಚಿಯಲ್ಲಿ ಕೂತು ಬೀದಿ ನೋಡುತ್ತಿದ್ದಳು.

"ಕರೆದ್ರಾ ಅತ್ತೆ?"

"ನಾನ್ಯಾಕೆ ಕರೀಲಿ? ಕೋಳಿ ಬಿಟ್ಟು ಇಲ್ಲೇನು ಮಾಡ್ತಿದೀಯ?"

ಪಿತ್ತ ನೆತ್ತಿಗೇರಿತು. ತಿರುಗಿ ಬಂದರೆ ಸೌಟು ಕಟ್ಟೆಯ ಮೇಲಿತ್ತು, ಓವನ್ನಿನ ಬಾಗಿಲು ಭದ್ರವಾಗಿ ಮುಚ್ಚಿತ್ತು. ಓರಗಿತ್ತಿ ತನ್ನ ಪಾಡಿಗೆ ತಾನು ಎಂಬಂತೆ ತಟ್ಟೆ ಒರೆಸುತ್ತಿದ್ದಳು. ಬಿಸಿಯಕ್ಕ ಬಾಗಿಲು ಸೆಳೆದಳು. ಕಾಯಿಲ್ ಕಪ್ಪಗೆ ಆರಿಹೋಗಿತ್ತು. ಹಬೆ ಮುಖಕ್ಕೆ ಬಡಿಯಿತು. ತೊಗಲಿನ ಮೇಲೆ ಬೆವರಿನ ಹನಿಗಳು.

ಬಿಸಿಯಕ್ಕ ನಕ್ಕಳು. ಒಳ್ಳೆಯ ನಗು ಅಲ್ಲ ಅದು.

"ಸುಟ್ಟು ಕರಕಲಾಗಲಿ ಅಂತ ಮುಚ್ಚಿದ್ಯಲ್ವಾ?"

ಓರಗಿತ್ತಿಯ ಕೈ ತಟ್ಟೆಯ ಮೇಲೆ ನಿಂತಿತು. "ಹೊಗೆ ಬರ್ತಿತ್ತು, ಮುಚ್ಚಿದೆ."

"ಮುಚ್ಚಿದ್ರೆ ಇದು ನಿದ್ದೆ ಹೋಗುತ್ತೆ ಕಣೇ. ನೀನು ಹೊತ್ತಿಸೋಕೆ ಬಂದು ಆರಿಸಿ ಹೋಗಿದೀಯ. ತೆರೆದಿಟ್ಟಿದ್ದು ಹಾಗೇ ಬಿಟ್ಟಿದ್ರೂ ಇಷ್ಟೊತ್ತಿಗೆ ಇದ್ದಿಲಾಗಿರೋದು. ಕೇಡು ಮಾಡೋಕೂ ಒಂದು ಕೈಗುಣ ಬೇಕು."

ಓರಗಿತ್ತಿಯ ಮುಖ ಕೆಂಪಾಯಿತು. ಆದರೂ ಸೋಲುವ ಪೈಕಿ ಅವಳೂ ಅಲ್ಲ. "ಕೆಟ್ಟಿದ್ದು ಕೆಟ್ಟಿದ್ದೇ ತಾನೆ? ಅತ್ತೆ ಮುಂದೆ ಇಡಿ, ನೋಡೋಣ."

ಅದೂ ನಿಜವೇ. ಈ ಒದ್ದೆ ತೊಗಲನ್ನು ಹಾಗೇ ಬಡಿಸಿದರೆ ಸೂಟ್‌ಕೇಸಿಗೆ ಕಾಲು ಬಂದಂತೆಯೇ. ಮತ್ತೆ ಗರಿಯಾಗಬೇಕಾದರೆ ತಟ್ಟೆಯನ್ನು ಪೂರ್ತಿ ಹೊರಗೆ ತೆಗೆದು, ತಳದಲ್ಲಿ ನಿಂತ ನೀರು ಕೊಬ್ಬು ಚೆಲ್ಲಿ, ತೊಗಲನ್ನು ಒತ್ತಿ ಒಣಗಿಸಿ, ಮತ್ತೆ ಉರಿಗೆ ಹಿಡಿಯಬೇಕು. ಕಬ್ಬಿಣದ ತಟ್ಟೆ ಅದು, ಎರಡು ಕೈಯ ಭಾರ. ಸದ್ದು ಕೇಳಿ ಬಂದ ಮೈದುನ ಬಾಗಿಲಲ್ಲಿ ಕೈ ಚಾಚಿದ. ಓರಗಿತ್ತಿ ಅವನ ತೋಳು ಹಿಡಿದಳು. "ಒಂದೇ ಕೈಯಲ್ಲಿ ಅಂತ ಅವರೇ ಹೇಳಿದ್ದು."

"ಹೌದು, ಹೇಳಿದ್ದೆ," ಎಂದಳು ಬಿಸಿಯಕ್ಕ.

ಪ್ಲಾಸ್ಟರಿನ ತೋಳಿಗೆ ದಪ್ಪ ಬಟ್ಟೆಯೊಂದನ್ನು ಸುತ್ತಿ, ತುದಿಯನ್ನು ಹಲ್ಲಿನಿಂದ ಬಿಗಿದಳು. ನೆಲದ ಮೇಲೆ ಮಂಡಿಯೂರಿದಳು. ಎಡಗೈಯಲ್ಲಿ ತಟ್ಟೆಯ ಅಂಚು ಎಳೆದು, ಅದರ ಕೆಳಗೆ ಆ ಸುಣ್ಣದ ತೋಳನ್ನು ಮರದ ತೊಲೆಯ ಹಾಗೆ ತೂರಿಸಿದಳು. ಮೂಳೆ ನೋವಿಗೆ ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ಒಂದು ಬೈಗುಳವೂ ಬಂತು. ತಟ್ಟೆ ಹೊರಗೆ ಬಂತು. ಕಟ್ಟೆಗೆ ಏರಿಸುವಾಗ ಬಿಸಿ ಕೊಬ್ಬು ಚೆಲ್ಲಿ ಪ್ಲಾಸ್ಟರಿನೊಳಗೆ ಇಳಿಯಿತು. ಆ ಪ್ಲಾಸ್ಟರ್ ಬಿಚ್ಚುವತನಕ ಬೀದಿಯ ನಾಯಿಗಳೆಲ್ಲ ಅವಳ ಹಿಂದೆಯೇ ತಿರುಗಿದವು.

ನೀರು ಚೆಲ್ಲಿದಳು. ಬಟ್ಟೆ ಹೊದಿಸಿ, ಮತ್ತೆ ಇಸ್ತ್ರಿಪೆಟ್ಟಿಗೆ ಒತ್ತಿದಳು. ಈ ಸಲ ಯಾರೂ ನಗಲಿಲ್ಲ. ತಟ್ಟೆ ಒಳಗೆ ಹೋಯಿತು, ಸೌಟು ಸಂದಿಗೆ ಸೇರಿತು, ಕಾಯಿಲ್ ಮೆಲ್ಲಗೆ ಕೆಂಪೇರಿತು. ಬಿಸಿಯಕ್ಕ ಅದರ ಮುಂದೆ ಸ್ಟೂಲ್ ಎಳೆದುಕೊಂಡು ಬೆನ್ನನ್ನು ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿಟ್ಟು ಕೂತಳು. ಇನ್ನು ಭೂಮಿ ಬಾಯಿಬಿಟ್ಟು ಕರೆದರೂ ಏಳುವವಳಲ್ಲ. ಚಿಟಿಚಿಟಿ ಬಂತು. ತೊಗಲು ಉಬ್ಬಿತು, ಗುಳ್ಳೆಗಳೆದ್ದವು, ಹೊಂಬಣ್ಣ ಕಂದಾಯಿತು, ಅಂಚು ಮಾತ್ರ ಸ್ವಲ್ಪ ಕಪ್ಪು ಹಿಡಿಯಿತು.

ಅತ್ತೆಯ ತಟ್ಟೆಗೆ ದೊಡ್ಡದನ್ನೇ ಹಾಕಿದಳು. ಮೈದುನ ಉಗುಳು ನುಂಗಿ ಕೂತಿದ್ದ. ಓರಗಿತ್ತಿ ಅತ್ತೆಯ ಬಾಯನ್ನೇ ನೋಡುತ್ತಿದ್ದಳು. ಮುದುಕಿ ತೊಗಲನ್ನು ಸುಲಿದು, ಮಡಿಸಿ, ವಸಡಿನ ನಡುವೆ ಇಟ್ಟು ಕಚ್ಚಿದಳು. ಕರಕ್ ಎಂದದ್ದು ಕೋಣೆಯ ಆಚೆ ತುದಿಗೂ ಕೇಳಿಸಿತು. ಕಣ್ಣು ಮುಚ್ಚಿಕೊಂಡಳು ಮುದುಕಿ.

ಎಷ್ಟೋ ಹೊತ್ತಿನ ಮೇಲೆ ಕಣ್ಣು ಬಿಟ್ಟು, "ಚಿಕ್ಕೋಳೆ," ಎಂದಳು. "ಆ ಸೂಟ್‌ಕೇಸ್ ಯಾಕೆ ದಾರೀಲಿದೆ? ಯಾರಾದ್ರೂ ಎಡವಿ ಬೀಳ್ತಾರೆ. ಮಂಚದ ಕೆಳಗೆ ತಳ್ಳು."

ಓರಗಿತ್ತಿ ಎದ್ದು ಹೋಗಿ, ತಳ್ಳಿ, ಬಂದು ಕೂತಳು. ತಳ್ಳಿದ ಸದ್ದಿನಲ್ಲೇ ಅವಳ ಮನಸ್ಸು ಗೊತ್ತಾಗುವಂತಿತ್ತು.

ಬಿಸಿಯಕ್ಕ ಎಡಗೈಯಲ್ಲಿ ತನ್ನ ಪಾಲಿನ ತೊಡೆ ಹಿಡಿದು ಮೂಳೆಯಿಂದ ಮಾಂಸ ಬಿಡಿಸಲು ನೋಡಿದಳು. ಅದು ತಟ್ಟೆಯಲ್ಲಿ ಒಂದು ಸುತ್ತು ತಿರುಗಿತು. ಇನ್ನೊಮ್ಮೆ ಹಿಡಿದಳು, ಜಾರಿ ಅಂಚಿಗೆ ಹೋಯಿತು. ಮೈದುನ ಹೆಂಡತಿಯ ಕಡೆ ಕಣ್ಣು ಮಾಡಿದ. ಓರಗಿತ್ತಿ ಮುಖ ಗಂಟಿಕ್ಕಿಕೊಂಡೇ ಕೈ ಚಾಚಿದಳು. "ಕೊಡಿ ಇಲ್ಲಿ, ಬಿಡಿಸಿಕೊಡ್ತೀನಿ."

"ತೆಗಿ ಕೈ," ಎಂದಳು ಬಿಸಿಯಕ್ಕ. "ಇವತ್ತು ಬಿಡಿಸಿಕೊಡ್ತೀನಿ ಅಂತೀಯ, ನಾಳೆ ಬಾಯಿಗಿಡ್ತೀನಿ ಅಂತೀಯ, ನಾಡಿದ್ದು ಇವರಿಗೆ ತಿನ್ನೋಕೂ ಬರಲ್ಲ ಅಂತ ಊರಿಗೆಲ್ಲ ಸಾರ್ತೀಯ. ನನಗಿನ್ನೂ ಹಲ್ಲಿವೆ. ನಿನ್ನ ತಟ್ಟೆ ನೀನು ನೋಡ್ಕೋ."