ಬೀಗತಿಗೆ ಕೊಟ್ಟ ಗುಳಿಗೆ

ತೊಂಬತ್ತರ ದಶಕದ ಕೊನೆಯ ಮಾತು. ಅಕ್ಕನ ಅತ್ತೆ ಅಂದು ಉಳಿದದ್ದೇ ಪುಣ್ಯ. ಹರಿಹರದಿಂದ ದಾವಣಗೆರೆಯ ನಮ್ಮ ಮನೆಗೆ ಊಟಕ್ಕೆ ಬಂದವರು, ಬಿಪಿ ಗುಳಿಗೆ ಮರೆತು ಬಂದೆ ಎಂದರು. ಅವ್ವ ಎಲೆ-ಅಡಿಕೆ ತಟ್ಟೆಯಲ್ಲಿ ತನ್ನ ಗುಳಿಗೆಯನ್ನೇ ಇಟ್ಟು ತಂದಳು.

"ತಗೊಳ್ರಿ ಬೀಗತಿ, ಬಿಪಿ ಅಂದ್ರ ಎಲ್ಲರದೂ ಒಂದೇ."

"ಬ್ಯಾಡವ್ವ, ನಿಂದು ಜೋರು ಗುಳಿಗೆ. ಅವರ ಬಿಪಿ ಪಾತಾಳಕ್ಕೆ ಇಳೀತೈತೆ!" ಎಂದು ಕೂಗಾಡಿದೆ.

"ಮನಿಗೆ ಬಂದೋರಿಗೆ ಇಲ್ಲ ಅನ್ನಾಕ ಆಗ್ತೈತೇನು?" ಎಂದು ನನ್ನ ಬಾಯಿ ಮುಚ್ಚಿಸಿ, ಅವರಿಗೆ ಗುಳಿಗೆ ನುಂಗಿಸಿದಳು.

ಸಂಜೆ ಹೊರಡಲೆಂದು ಚಾಪೆಯಿಂದ ಎದ್ದ ಬೀಗತಿ ಕಣ್ಣು ಕತ್ತಲಿಟ್ಟು ಧೊಪ್ಪನೆ ಬಿದ್ದರು. ಆಟೋ ತರಲು ಬಾಗಿಲಿಗೆ ಓಡಿದವನು ತಿರುಗಿ ನೋಡಿದರೆ, ಅವ್ವ ನೀರಿನ ಲೋಟ ಹಿಡಿದು ಅವರ ತಲೆ ಎತ್ತುತ್ತಿದ್ದಳು.

"ಬಿಪಿ ಏರೈತೆ ಬೀಗತಿ, ಇನ್ನೊಂದು ನುಂಗ್ರಿ."