ಹಗೇವಿಗೆ ಇಳಿಬಿಟ್ಟ ಕಂದೀಲು

ಗೊಳಸಂಗಿಯಲ್ಲಿ ಯಾರೇ ಹಗೇವು ತೆರೆಯಲಿ, ಮೊದಲು ಸಾವಂತ್ರವ್ವನಿಗೆ ಹೇಳಿಕಳಿಸುತ್ತಿದ್ದರು. ನೆಲದೊಳಗೆ ಆಳವಾಗಿ ತೋಡಿ ಜೋಳ ತುಂಬಿಡುವ ಆ ಹಗೇವುಗಳು ಈಗ ಊರಲ್ಲಿ ಉಳಿದಿರುವುದೇ ಕೆಲವು. ಮುಚ್ಚಿಟ್ಟ ಕಾಳಿನ ನಡುವೆ ಗಾಳಿ ಕೆಡುತ್ತದೆ. ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಅದು ಆರಿದರೆ ಯಾರನ್ನೂ ಇಳಿಯಗೊಡಬಾರದೆಂದು ಮಾವ ಕಲಿಸಿದ್ದ. ಅವನ ನಂತರ ಆ ಕೆಲಸ ಇವಳ ಪಾಲಿಗೆ ಬಂದಿತ್ತು.

ಪಕ್ಕದ ಮನೆಯ ಚನ್ನವ್ವನ ಹಿತ್ತಲಿನ ಹಗೇವಿಗೆ ಮಳೆನೀರು ಇಳಿದು ಜೋಳ ಕೊಳೆತಿತ್ತು. ಅದನ್ನು ತೆಗೆದು, ಗುಂಡಿ ಮುಚ್ಚಿ, ದನದ ಕೊಟ್ಟಿಗೆ ಕಟ್ಟಬೇಕೆಂದು ಅವಳ ಮಕ್ಕಳಾದ ಸಿದ್ದಾರೂಢ, ಸಂಜೀವಕುಮಾರ ನಿರ್ಧರಿಸಿದರು. ಬಾಯಿಗಲ್ಲು ಸರಿಸುತ್ತಲೇ ಹುಳಿವಾಸನೆ ಮುಖಕ್ಕೆ ರಾಚಿತು. ಸಾವಂತ್ರವ್ವ ಕಂದೀಲು ಇಳಿಬಿಟ್ಟಳು. ಅರ್ಧಕ್ಕೆ ಹೋಗುವಷ್ಟರಲ್ಲಿ ಉರಿ ಕುಗ್ಗಿ ನೀಲಿಯಾಗಿ ಸತ್ತುಹೋಯಿತು.

"ಇವತ್ತ ಬ್ಯಾಡ. ಬಾಯಿ ತೆರದ ಬಿಡ್ರಿ," ಅಂದಳು.

ಮರುದಿನ ಬೆಳಿಗ್ಗೆ ಮಣ್ಣು ಹಾಕಲು ಆರಿಫನ ಟ್ರ್ಯಾಕ್ಟರ್ ಬಂದು ನಿಂತಿತ್ತು. ಕಂದೀಲು ಈ ಸಲ ತಳದವರೆಗೂ ಹೋಗಿ ಅಲ್ಲಿ ಆರಿತು.

"ಇಳಿಸೂವಾಗ ಅಲ್ಲಾಡಿ ಆರೇತಿ ಬಿಡು ಆಯಿ. ಉಸರ ಹಿಡದ ಒಂದ ಬುಟ್ಟಿ ತುಂಬಿ ಬರ್ತೇನಿ," ಅಂದ ಸಿದ್ದಾರೂಢ.

"ತಡಿಯೋ, ಇನ್ನೊಮ್ಮೆ ಹಚ್ಚಿ ನೋಡೂಣು."

ಅವಳು ಕಡ್ಡಿಪೆಟ್ಟಿಗೆ ತರಲು ಒಳಗೆ ಹೋದಳು. ಹೊರಬರುವಷ್ಟರಲ್ಲಿ ಸಂಜೀವಕುಮಾರ ಬಾಯಿಗೆ ಬಗ್ಗಿ "ಅಣ್ಣಾ, ಅಣ್ಣಾ" ಎಂದು ಕೂಗುತ್ತಿದ್ದ. ಕಂದೀಲಿನ ಹಗ್ಗ ಹಿಡಿದು ಇಳಿದಿದ್ದ ಸಿದ್ದಾರೂಢ ಕೆಳಗೆ ನಿದ್ದೆ ಬಂದವನಂತೆ ಗೋಡೆಗೆ ಒರಗಿ ಕೂತಿದ್ದ.

ಸಂಜೀವಕುಮಾರ ಹಗ್ಗಕ್ಕೆ ಕೈ ಹಾಕುವ ಮೊದಲೇ ಸಾವಂತ್ರವ್ವ ಅದನ್ನು ಮೇಲೆಳೆದು ಮೈಕೆಳಗೆ ಹಾಕಿಕೊಂಡು ಕೂತಳು.

"ಬಿಡ ಆಯಿ! ನಮ್ಮಣ್ಣನ್ನ ಸಾಯಾಕ ಬಿಡ್ತಿ ಏನ?"

"ನೀ ಇಳದ್ರ ನೀನೂ ಬರೂದಿಲ್ಲ. ಆರಿಫ, ಮದ್ಲ ಆಂಬುಲೆನ್ಸಿಗೆ ಫೋನ್ ಹಚ್ಚು. ರಾಶಿ ತೂರೂ ಫ್ಯಾನ್ ತಾರೋ, ಲಗೂನ!"

ಸಂಜೀವಕುಮಾರ ಅವಳ ಭುಜ ಹಿಡಿದು ಎಳೆದ. ಅವಳು ಕದಲಲಿಲ್ಲ. ಕೊನೆಗೆ ಫ್ಯಾನ್ ಬಂತು. ತಾಡಪತ್ರಿಯನ್ನು ಕೊಳವೆಯಂತೆ ಸುತ್ತಿ ಗಾಳಿಯನ್ನು ತಳಕ್ಕೆ ಹಾಯಿಸಿದರು. ಅಷ್ಟು ಹೊತ್ತೂ ಕೆಳಗಿನಿಂದ ಒಂದು ಸದ್ದೂ ಇಲ್ಲ. ಕಂದೀಲು ತಳದಲ್ಲಿ ಆರದೆ ನಿಂತಾಗ ಅವಳೇ ಸಂಜೀವಕುಮಾರನ ಸೊಂಟಕ್ಕೆ ಹಗ್ಗ ಬಿಗಿದಳು.

ಮೇಲೆ ತಂದಾಗ ಸಿದ್ದಾರೂಢನ ಮೈ ಬಿಸಿಯಿತ್ತು. ಬಸವನ ಬಾಗೇವಾಡಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅದೂ ಆರಿತ್ತು.

ಹಗ್ಗ ಬಿಟ್ಟಿದ್ದರೆ ಬದುಕುತ್ತಿದ್ದ ಎಂದು ಕೆಲವರು ಅಂದರು. ಎರಡು ಹೆಣ ಬೀಳುತ್ತಿದ್ದವು ಎಂದು ಕೆಲವರು. ಕಡ್ಡಿಪೆಟ್ಟಿಗೆಗೆಂದು ಒಳಗೆ ಹೋಗುವಾಗ ಹಗ್ಗವನ್ನು ಅಲ್ಲೇ ಬಿಟ್ಟು ಹೋದದ್ದೊಂದೇ ಸಾವಂತ್ರವ್ವನನ್ನು ತಿನ್ನುತ್ತಿತ್ತು. ಚನ್ನವ್ವ ಅವಳ ಬಾಗಿಲಿನತ್ತ ತಿರುಗಿಯೂ ನೋಡಲಿಲ್ಲ.

ಕೆಲವು ವಾರಗಳ ನಂತರ ಸಂಜೀವಕುಮಾರ ಬಂದು ಹೊಸ್ತಿಲಾಚೆ ನಿಂತ. "ಹಗೇವು ಮುಚ್ಚಾಕತ್ತೇವಿ. ನೀನೂ ಬಾ, ಆಯಿ."

ಅವಳು ಹೋದಳು. ಚನ್ನವ್ವ ಬಾಯಿಗಲ್ಲಿನ ಮೇಲೆ ಕೂತು, ಬೀಳುತ್ತಿದ್ದ ಮಣ್ಣನ್ನೇ ನೋಡುತ್ತಿದ್ದಳು. ತಲೆಯೆತ್ತಲಿಲ್ಲ. ತುಸು ಸರಿದು ಜಾಗ ಮಾಡಿಕೊಟ್ಟಳು.