ಮೋತಿಯ ಎದೆಪಟ್ಟಿ

ಇಳಕಲ್ಲಿನಲ್ಲಿ ಅಕ್ಕನ ಮನೆಯ ಮುಂದೆ, ನಾವು ನಮ್ಮೂರು ಬಾದಾಮಿಗೆ ಹೊರಡುವ ಹೊತ್ತಿಗೆ, ಕಾರಿನ ಸುತ್ತ ನಾಲ್ಕು ಜನ ಇದ್ದೆವು: ನಾನು, ನನ್ನ ಹೆಂಡತಿ ಶಾಂತಾ, ಅಕ್ಕ ಗಂಗವ್ವ ಮತ್ತು ಮೋತಿ. ಮೋತಿ ನಾಯಿ. ನಾಯಿಯನ್ನು ಜನರಲ್ಲಿ ಸೇರಿಸಿದ್ದಕ್ಕೆ ನೀವು ನಗಬಹುದು. ನಮ್ಮ ಮನೆಯಲ್ಲಿ ಒಂದು ವಾರ ಇದ್ದು ನೋಡಿದರೆ ನನ್ನನ್ನೇ ಕೈಬಿಟ್ಟು ಎಣಿಸುತ್ತೀರಿ.

"ಮುಧೋಳ ಜಾತೀದೇನ್ರಿ?" ಎಂದು ಬಾದಾಮಿಯಲ್ಲಿ ದಾರಿಹೋಕರು ಕೇಳುತ್ತಾರೆ. ಉದ್ದ ಕಾಲು, ಒಳಸೇರಿದ ಹೊಟ್ಟೆ, ಜಹಗೀರದಾರನಂಥ ನಡಿಗೆ. ನಾನು ಹೌದೂ ಅನ್ನುವುದಿಲ್ಲ, ಅಲ್ಲವೂ ಅನ್ನುವುದಿಲ್ಲ. ಖರೆ ಹೇಳಬೇಕೆಂದರೆ ಅದು ಹುಟ್ಟಿದ್ದು ನಮ್ಮ ಓಣಿಯ ತಿಪ್ಪೆಯ ಪಕ್ಕದಲ್ಲಿ. ಅದೊಂದನ್ನೇ ಮನೆಯಲ್ಲಿ ಬಿಟ್ಟು ಹೋದರೆ ಓಣಿ ತುಂಬ ಕೇಳುವಂತೆ ಅಳುತ್ತದೆ. ಹೀಗಾಗಿ ನಾವು ಹೋದಲ್ಲೆಲ್ಲ ಅದೂ ಬರುತ್ತದೆ.

ಕಾರಿನಲ್ಲಿ ಅದನ್ನು ಕೂಡಿಸುವುದೇ ಒಂದು ಸಾಹಸ. ಬಿಟ್ಟರೆ ಗೇರಿನ ಮೇಲೆ ಕಾಲಿಡುತ್ತದೆ. ತೊಡೆಯ ಮೇಲೆ ಹಿಡಿದುಕೊಂಡರೆ ಅರ್ಧ ಮೈ ಕಿಟಕಿಯ ಹೊರಗೆ. ಒಕ್ಕಲುತನದ ಮನೆಯಲ್ಲಿ ಹುಟ್ಟಿದ ನನಗೆ ಕಟ್ಟುವುದೆಂದರೆ ಗೊತ್ತಿದ್ದದ್ದು ಒಂದೇ ವಿದ್ಯೆ, ಕರುವನ್ನು ಗೂಟಕ್ಕೆ ಕಟ್ಟುವುದು. ಹಾಗೇ ಮಾಡಿದ್ದೆ. ಕೊರಳಪಟ್ಟಿಗೆ ಹಗ್ಗ, ಹಗ್ಗ ಸೀಟಿನ ಕೆಳಗಿನ ಕಬ್ಬಿಣಕ್ಕೆ, ಗಿಡ್ಡಗೆ, ಬಿಗಿಯಾಗಿ. ಆ ಗಂಟನ್ನು ಅಕ್ಕನಿಗೆ ತೋರಿಸಿ, ಶಹಬ್ಬಾಸ್ ಅನ್ನಲೆಂದು ಕಾದು ನಿಂತೆ.

ಅಕ್ಕ ನಲವತ್ತು ವರ್ಷ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಸೀರೆ ನೇಯ್ದವಳು. ಹಗ್ಗವನ್ನು ಎರಡು ಬೆರಳಿನಿಂದ ಮೀಟಿ ನೋಡಿದಳು.

"ತಮ್ಮಾ, ನಾಯೀನ ಕಟ್ಟೀಯೋ, ನೇಣು ಹಾಕೀಯೋ?"

"ಯಾಕಬೇ, ಗಟ್ಟಿ ಐತೆಲ್ಲ?"

"ಅದಕ್ಕ ಹೇಳಾಕತ್ತೀನಿ. ನೀ ಒಮ್ಮೆಲೇ ಬ್ರೇಕ್ ಒತ್ತಿದಿ ಅಂತ ತಿಳ್ಕೊ. ಮೈ ಮುಂದ ಹೋಗ್ತೈತಿ, ಕೊರಳು ಹಿಂದ ಉಳೀತೈತಿ. ಆಮ್ಯಾಲೆ ಗಂಟು ಭಾಳ ಗಟ್ಟಿ ಇತ್ತು ಅನ್ಕೋತ ಅಳ್ತಿ."

ಶಾಂತಾ ನನ್ನ ಕಡೆ ನೋಡಲೇ ಇಲ್ಲ. ಬಾಗಿ ಹಗ್ಗ ಬಿಚ್ಚಿದಳು. ಬರುವಾಗ ಬಾದಾಮಿಯಿಂದ ಹುನಗುಂದದ ಮೇಲೆ ಹಾಯ್ದು ಅಷ್ಟು ದೂರ ಹಾಗೇ ಕಟ್ಟಿಕೊಂಡು ಬಂದಿದ್ದೆವು. ನನಗೆ ಅಜ್ಜನ ಬಂಡಿ ನೆನಪಾಯಿತು. ಎತ್ತಿನ ಕೊರಳನ್ನು ನೊಗಕ್ಕೆ ಹೂಡುವ ಪಟ್ಟಿಯನ್ನು, ಜತ್ತಿಗೆಯನ್ನು, ಅಜ್ಜ ಯಾವಾಗಲೂ ಸಡಿಲವಾಗಿಯೇ ಕಟ್ಟುತ್ತಿದ್ದ. ಎಳೆಯುವ ಭಾರವೆಲ್ಲ ನೊಗದ ಮೂಲಕ ಹೆಗಲಿಗೆ. ಚಿಕ್ಕಂದಿನಿಂದ ಅದನ್ನು ಕಂಡವನು, ಕಾರು ಹತ್ತಿದ ಮೇಲೆ ಬಂಡಿಯ ಬುದ್ಧಿಯನ್ನು ಕೆಳಗೇ ಬಿಟ್ಟಿದ್ದೆ.

ಅಕ್ಕ ನಮ್ಮನ್ನು ಹೊರಡಗೊಡಲಿಲ್ಲ. ಹಳೆಯ ಮಂಚಕ್ಕೆ ಹೆಣೆದಿದ್ದ ನವಾರು ಪಟ್ಟಿ ತಂದಳು. ಮೋತಿಯ ಎದೆಯನ್ನು ಗೇಣಿನಿಂದ ಅಳೆದಳು. ಎದೆಯ ಮುಂದೊಂದು ಪಟ್ಟಿ, ಮುಂಗಾಲಿನ ಹಿಂದೊಂದು. ಎರಡೂ ಬೆನ್ನ ಮೇಲೆ ಕೂಡುವಲ್ಲಿ, ಸೀಟಿನ ಬೆಲ್ಟು ತೂರುವಷ್ಟು ಅಗಲದ ಕುಣಿಕೆ. ಚರ್ಮ ಉಜ್ಜದಂತೆ ಒಳಗೆ ತನ್ನ ಹಳೆ ಸೀರೆಯ ಮೆತ್ತನೆಯ ತುಂಡು. ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು, ಮೂರನೆಯದು ಹೋಗಬಾರದು.

ಇಳಕಲ್ ಸೀರೆಗೆ ಸೆರಗು ಕೂಡಿಸುವುದನ್ನು ನೀವು ನೋಡಿದ್ದೀರಾ? ಒಡಲಿನ ಒಂದೊಂದು ಎಳೆಗೂ ಸೆರಗಿನ ಎಳೆಯೊಂದನ್ನು ಕೊಂಡಿ ಹಾಕಿ ಬೆಸೆಯುತ್ತಾರೆ. ಸಾವಿರಾರು ಕೊಂಡಿ. ಜಗ್ಗಿದ್ದೆಲ್ಲ ಅಷ್ಟೂ ಎಳೆಗಳಿಗೆ ಹಂಚಿ ಹೋಗುತ್ತದೆ, ಯಾವ ಒಂದೂ ಸೋಲುವುದಿಲ್ಲ. ಆ ಜಾಣತನವೇ ನನ್ನ ಕಣ್ಣೆದುರು ನಾಯಿಯ ಎದೆಗೆ ಇಳಿಯುತ್ತಿತ್ತು. ಸೀರೆ ಉಟ್ಟವರು ಅಕ್ಕನನ್ನು ಹೊಗಳಿದ್ದು ಕೇಳಿದ್ದೆ. ಯಾಕೆಂದು ನನಗೆ ತಿಳಿದದ್ದು ಅವತ್ತು.

ಎರಡು ತಾಸು ಹೊಲಿದಳು. ಹೊಲಿದದ್ದನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಹಿಂದಕ್ಕೆ ಬಾಗಿ, ಮೈಭಾರ ಬಿಟ್ಟು ಜಗ್ಗಿದಳು. ಒಂದೇ ಒಂದು ಹೊಲಿಗೆ ಬಿಟ್ಟಿತು.

"ಸಾಕು ಬಿಡಬೇ, ಒಂದ ಹೊಲಿಗಿ," ಅಂದೆ.

"ಸೀರ್ಯಾಗ ಒಂದ ಎಳಿ ತಪ್ಪಿದ್ರ ಉಡಾಕಿ ಬಂದು ಬೈತಾಳ. ಇದಕ್ಕ ಬೈಯಾಕರ ಬರ್ತೈತೇನು?" ಎಂದು ಮೋತಿಯ ತಲೆ ಸವರಿ, ಪೂರಾ ಬಿಚ್ಚಿ ಮತ್ತೆ ಮೊದಲಿನಿಂದ ಹೊಲಿದಳು. ಆಮೇಲೆ ಶಾಂತಾಳಿಗೆ ಹೇಳಿದಳು: "ಹಿಂದಿನ ಸೀಟಿಗೇ ಕೂಡ್ಸವ್ವಾ. ನಡುವ ಇಳಿಸಿ ನೀರು ಕುಡ್ಸು. ಇಂವಗ ನೆನಪಿರಂಗಿಲ್ಲ."

ಇದಾಗಿ ಒಂದು ತಿಂಗಳಿಗೆ ಬಾದಾಮಿಯಿಂದ ಬನಶಂಕರಿಗೆ ಹೊರಟಿದ್ದೆವು. ಹಿಂದೆ ಮೋತಿ, ಅದಕ್ಕೆ ಜೊತೆಯಾಗಿ ಶಾಂತಾ. ಚೊಳಚಗುಡ್ಡದ ಹತ್ತಿರ ಹೊಲದ ದಾರಿಯಿಂದ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಒಮ್ಮೆಲೇ ಅಡ್ಡ ಬಂತು. ಇದ್ದ ಬಲವೆಲ್ಲ ಹಾಕಿ ಬ್ರೇಕ್ ಒತ್ತಿದೆ. ಟ್ರ್ಯಾಕ್ಟರಿಗೆ ಒಂದು ಮಾರು ದೂರದಲ್ಲಿ ಕಾರು ನಿಂತಿತು. ತಿರುಗಿ ನೋಡಿದರೆ, ಮೋತಿ ಪಟ್ಟಿಯೊಳಗೆ ಮುಂದಕ್ಕೆ ವಾಲಿದ್ದದ್ದು ಮತ್ತೆ ಹಿಂದೆ ಸರಿದು ಕೂತು, ಬಾಲ ಅಲ್ಲಾಡಿಸುತ್ತಿತ್ತು. ಶಾಂತಾಳ ಹಣೆ ನನ್ನ ಸೀಟಿನ ಬೆನ್ನಿಗೆ ಬಡಿದು ಕೆಂಪಾಗಿತ್ತು.

"ಮೋತಿಗೇನೂ ಆಗಿಲ್ರಿ," ಅಂದಳು ಮೊದಲು.

ಆಮೇಲೆ ಹಣೆ ತಿಕ್ಕಿಕೊಳ್ಳುತ್ತ ಮೋತಿಯನ್ನು ಒಂದು ಗಳಿಗೆ ದಿಟ್ಟಿಸಿದಳು. ಪಕ್ಕದಲ್ಲಿ ತೂಗುತ್ತಿದ್ದ ತನ್ನ ಬೆಲ್ಟನ್ನು ಎಳೆದು ಹಾಕಿಕೊಂಡಳು. ಟ್ರ್ಯಾಕ್ಟರ್ ದಾಟಿತು. ನಾನು ಕಾರು ಮುಂದೆ ಬಿಟ್ಟೆ.